ಹಿಂದಿನ ಸೀಟಿನವನು

ಎರಡು ಸಲ ಜೆಟ್ ವಿಮಾನದಿಂದ ಹೊರಕ್ಕೆ ಚಿಮ್ಮಿ ಬದುಕಿ ಬಂದ ಮಗ ಮೊದಲಿಗಿಂತ ಕುಳ್ಳಗಾಗಿದ್ದಾನೆ ಎಂಬುದನ್ನು ಕಂಡುಹಿಡಿದವಳು ಚಿಕ್ಕಹನುಮಕ್ಕ. ಒಗೆಯಲು ತೆಗೆದುಕೊಂಡ ಅವನ ಪ್ಯಾಂಟಿನ ಎರಡೂ ಕಾಲುಗಳ ತುದಿ ನೆಲಕ್ಕೆ ಉಜ್ಜಿ ನೂಲು ಬಿಟ್ಟಿತ್ತು.

"ಯಾಕ್ಲಾ, ಇಷ್ಟುದ್ದ ಯಾಕೆ ಹೊಲಿಸ್ದೆ?"

"ಹಳೇ ಪ್ಯಾಂಟೇ ಕಣವ್ವ. ನಾನೇ ಗಿಡ್ಡ ಆಗಿರೋದು," ಎಂದ ಅಂಜನ್ ಕುಮಾರ್. "ಸೀಟಿನ ಕೆಳಗೆ ರಾಕೆಟ್ ಇರ್ತದೆ. ಅದು ಒದ್ದಾಗ ಬೆನ್ನುಮೂಳೆ ಅಮುಕ್ಕೊಂತದೆ. ಎರಡು ಸಲಕ್ಕೂ ಸೇರಿ ಒಂದಿಂಚು ಹೋಗೈತೆ."

ನಗಿಸಲೆಂದು ಹೇಳಿದ್ದ. ಚಿಕ್ಕಹನುಮಕ್ಕ ನಗಲಿಲ್ಲ. ಪ್ಯಾಂಟನ್ನು ಬಕೆಟ್ಟಿಗೆ ಎಸೆದು, "ಮೂರ್ನೇ ಸಲ ಹತ್ತಿ ನೋಡು, ನಿನ್ ಕಾಲು ನಾನೇ ಮುರಿದು ಮನೇಲಿ ಕೂರುಸ್ತೀನಿ," ಎಂದಳು.

ಅಂಜನ್‌ಗೆ ಮೂವತ್ತೆಂಟು ವರ್ಷ. ಪುರವರದ ಲೈನ್‌ಮ್ಯಾನ್ ಆಗಿದ್ದ ಚಿಕ್ಕನರಸಯ್ಯನ ಮಗ. ಹದಿನೇಳಕ್ಕೆ ಪರೀಕ್ಷೆ ಬರೆದು, ಊರಿನಲ್ಲಿ ಯಾರೂ ಹೆಸರು ಕೇಳಿರದ ಅಕಾಡೆಮಿಗೆ ಸೇರಿ, ಈಗ ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದ. ಐದು ವರ್ಷದಿಂದ ಹೊಸಬರಿಗೆ ಜೆಟ್ ಹಾರಿಸುವುದನ್ನು ಕಲಿಸುವ ಕೆಲಸ. ಕಲಿಯುವವನಿಗೆ ಮುಂದಿನ ಸೀಟು, ಕಲಿಸುವವನಿಗೆ ಹಿಂದಿನ ಸೀಟು.

ನಾಲ್ಕು ತಿಂಗಳ ಹಿಂದೆ ಅವನ ಮುಂದಿನ ಸೀಟಿನಲ್ಲಿದ್ದವನು ಇಪ್ಪತ್ಮೂರು ವರ್ಷದ ಫ್ಲೈಯಿಂಗ್ ಆಫೀಸರ್ ರೇಣುಕಪ್ರಸಾದ್. ಮಧುಗಿರಿಯ ಹುಡುಗ. ದೂರದ ವಾಯುನೆಲೆಯೊಂದರಲ್ಲಿ ಒಂದೇ ತಾಲ್ಲೂಕಿನವರು ಸಿಕ್ಕರೆಂದು ಇಬ್ಬರಿಗೂ ಖುಷಿಯಿತ್ತು. ಅವತ್ತು ನೆಲ ಬಿಟ್ಟು ಅರ್ಧ ನಿಮಿಷವೂ ಆಗಿರಲಿಲ್ಲ, ದೊಡ್ಡದೊಂದು ಹದ್ದು ಇಂಜಿನ್ನಿಗೆ ಸಿಕ್ಕಿಕೊಂಡಿತು. ಇಂಜಿನ್ ನಿಂತಿತು. ಎತ್ತರ ಆರುನೂರು ಅಡಿ. ರೇಣುಕಪ್ರಸಾದ್ ಎಡಗೈ ಚಾಚಿ ಇಂಜಿನ್ನನ್ನು ಮತ್ತೆ ಹೊತ್ತಿಸುವ ಗುಂಡಿ ಒತ್ತತೊಡಗಿದ. "ಅದನ್ನ ಬಿಡು, ಕೈ ಒಳಗೆ ತಗೋ," ಎಂದು ಅಂಜನ್ ಹಿಂದಿನಿಂದ ಕೂಗಿದ. ಆಮೇಲೆ ಒಂದೇ ಒಂದು ಸಲ "ಇಜೆಕ್ಟ್" ಎಂದು ಹೇಳಿ, ಸೀಟನ್ನು ಹೊರಕ್ಕೆ ಹಾರಿಸುವ, ತೊಡೆಗಳ ನಡುವಿನ ಹಿಡಿ ಎಳೆದ. ಹಿಂದಿನವನು ಎಳೆದರೆ ಇಬ್ಬರ ಸೀಟೂ ಹಾರುವಂತೆ ಹೊಂದಿಸಿದ್ದ ವಿಮಾನ ಅದು.

ಇಬ್ಬರೂ ಬದುಕಿದರು. ವಿಮಾನ ಖಾಲಿ ಹೊಲದಲ್ಲಿ ಬಿದ್ದು ಉರಿಯಿತು. ಆದರೆ ರೇಣುಕಪ್ರಸಾದನ ಕೈ ಇನ್ನೂ ಚಾಚಿಕೊಂಡೇ ಇತ್ತು. ಗಾಳಿ ಅದನ್ನು ಹಿಡಿದು ತಿರುಚಿ, ಭುಜದ ನರಗಳನ್ನು ಕಿತ್ತುಹಾಕಿತು. ಎಡತೋಳು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಅವನು ಇನ್ನು ಮುಂದೆ ಹಾರುವಂತಿರಲಿಲ್ಲ.

ವಿಚಾರಣೆ ಶುರುವಾಯಿತು. ತಾನು ಮೊದಲೇ ಎಚ್ಚರಿಸಿದ್ದಾಗಿ ಅಂಜನ್ ಹೇಳಿದ. ಅಲಾರಂ ಸದ್ದಿನಲ್ಲಿ ಆ ಮಾತು ವಿಮಾನದೊಳಗಿನ ಟೇಪಿನಲ್ಲಿ ಸ್ಪಷ್ಟವಾಗಿ ಮೂಡಿರಲಿಲ್ಲ. ತನಗೆ ಆ ಎಚ್ಚರಿಕೆ ಕೇಳಿಸಲಿಲ್ಲ ಎಂದು ರೇಣುಕಪ್ರಸಾದ್ ಬರೆದುಕೊಟ್ಟ. ತೀರ್ಮಾನ ಬರುವ ತನಕ ಇಬ್ಬರೂ ಹೊರಗೆ ಬಾಯಿ ಬಿಡಬಾರದೆಂದು ಆದೇಶವಾಯಿತು. ಅಂಜನ್ ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ರಜೆಯ ಮೇಲೆ ಊರಿಗೆ ಬಂದ. ಹೆಂಡತಿ ಯಶೋಧರಾ ಮಗಳ ಪರೀಕ್ಷೆಗಾಗಿ ನೆಲೆಯ ಕ್ವಾರ್ಟರ್ಸಿನಲ್ಲೇ ಉಳಿದಳು.

ಬಾಯಿ ಬಿಟ್ಟದ್ದು ರೇಣುಕಪ್ರಸಾದನ ಅಪ್ಪ ನಾಗಲಿಂಗಯ್ಯ. ಮಧುಗಿರಿಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ ಅವನದು. ಗೌರೀಶ್ ಎಂಬವನು ಫೋನಿನಲ್ಲೇ ನಡೆಸುತ್ತಿದ್ದ ಸುದ್ದಿ ಚಾನೆಲ್ಲಿಗೆ ಅಂಗಡಿಯ ಮುಂದೆ ನಿಂತು ಮಾತಾಡಿದ್ದ. ಪುರವರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಿಗ್ಗೆ ಟೀ ಕುಡಿಯುತ್ತ ಕೂತಿದ್ದ ಚಿಕ್ಕನರಸಯ್ಯ ಅದನ್ನು ಮೊದಲು ಕೇಳಿದ್ದು ಪಕ್ಕದ ಟೇಬಲ್ಲಿನವರ ಫೋನಿನಿಂದ. ಅವರು ಸದ್ದು ಕಡಿಮೆ ಮಾಡಲಿಲ್ಲ. ಇವನು ಕೂತಿದ್ದಾನೆಂದು ಗೊತ್ತಿದ್ದೇ ಜಾಸ್ತಿ ಮಾಡಿದರು.

'ಎರಡು ವಿಮಾನ ಕೆಡವಿದ ಪೈಲಟ್ ನಮ್ಮ ತಾಲ್ಲೂಕಿನವನೇ!' ಎಂದು ಮೇಲೆ ಕೆಂಪಕ್ಷರ. ಕೆಳಗೆ ನಾಗಲಿಂಗಯ್ಯನ ಮುಖ.

"ನನ್ನ ಮಗ ವಿಮಾನ ಇಳಿಸ್ತಿದ್ದ ಸ್ವಾಮಿ. ಹಿಂದೆ ಕೂತಿದ್ದೋನು ಹೆದರಿಕೊಂಡು ಎಳೆದುಬಿಟ್ಟ. ಅವನು ಇದಕ್ಕೆ ಮೊದಲೂ ಒಂದು ಬೀಳಿಸಿದಾನೆ, ಅದರಲ್ಲಿ ಒಬ್ಬರು ಸತ್ತೇಹೋದ್ರು. ಯಾರ್ಯಾರಿಗೋ ಮೀಸಲಾತೀಲಿ ಸೀಟು ಕೊಟ್ಟು ವಿಮಾನದಲ್ಲಿ ಕೂರಿಸಿದ್ರೆ ಇನ್ನೇನಾಗ್ತದೆ?"

ಮನೆಗೆ ಬಂದ ಚಿಕ್ಕನರಸಯ್ಯ ಚಪ್ಪಲಿಯನ್ನೂ ಬಿಡದೆ ಮಗನ ಮುಂದೆ ನಿಂತ. "ಇದುಕ್ ನೀನೇನ್ ಹೇಳ್ತೀಯ?"

ಅಂಜನ್ ವಿಡಿಯೋ ಪೂರ್ತಿ ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತು. ಆದರೂ, "ನಾನು ಮಾತಾಡಂಗಿಲ್ಲ ಅಪ್ಪ. ವಿಚಾರಣೆ ಮುಗೀಬೇಕು," ಎಂದ.

"ಅವ್ನು ಮಾತಾಡಬೌದು, ನೀನು ಮಾತಾಡಂಗಿಲ್ವಾ? ಇದ್ಯಾವ ಸೀಮೆ ಕಾನೂನ್ಲಾ?"

"ಅವರು ಸಿವಿಲಿಯನ್ನು. ಆದೇಶ ಇರೋದು ನನಗೆ."

"ನೀನೇನೋ ಎಲ್ಡು ಕಿತ ಸಾವಿನ್ ಬಾಯಿಂದ ಬಂದ್ಬುಟ್ಟೆ. ನಾವು ದಿನಾ ಆ ಹೋಟ್ಲು ಮುಂದೆ ಓಡಾಡ್ಬೇಕು," ಎಂದು ಚಿಕ್ಕಹನುಮಕ್ಕ ಒಳಗಿನಿಂದಲೇ ಕೂಗಿದಳು.

ಮಾರನೆಯ ದಿನ ಚಿಕ್ಕನರಸಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲಿಗೆಂದು ಹೇಳದೆ ಬಸ್ಸು ಹತ್ತಿದ. ಮಧ್ಯಾಹ್ನ ಮೂರಕ್ಕೆ ವಾಪಸ್ಸು ಬಂದವನು ಗೋಡೆಗೆ ಮುಖ ಮಾಡಿ ಮಲಗಿದ. ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, ಮುದ್ದೆ ಮುರಿಯದೆ, ತಟ್ಟೆ ನೋಡುತ್ತಲೇ ಹೇಳಿದ.

"ಮಧುಗಿರಿಗೆ ಹೋಗಿದ್ದೆ. ಅವ್ನ್ ಅಂಗ್ಡಿ ತಾವ. 'ಸ್ವಾಮಿ, ನಿಮ್ ಹುಡ್ಗುಂಗೆ ಇಂಗಾಗಿದ್ದು ನಮ್ಗೂ ಸಂಕ್ಟ, ಆದ್ರೆ ನನ್ ಮಗುನ್ ಮೇಲೆ ಅಂಗೆಲ್ಲ ಹೇಳ್ಬ್ಯಾಡಿ' ಅಂದೆ. 'ಓ, ಲೈನ್‌ಮ್ಯಾನ್ ನರಸಯ್ಯ ಅಲ್ವೇನೋ ನೀನು' ಅಂದ. ನನಗಿಂತ ಹತ್ತು ವರ್ಷಕ್ಕೆ ಸಣ್ಣೋನು. 'ಆಚೆ ನಿಂತ್ಕೊ, ಗಿರಾಕಿ ಅವ್ರೆ' ಅಂದ. ನಿಂತ್ಕಂಡೆ. ಬಿಸ್ಲಲ್ಲಿ ಮುಕ್ಕಾಲು ಗಂಟೆ ನಿಂತ್ಕಂಡೆ. ಆಮೇಕೆ ಬಾಗ್ಲು ಎಳ್ಕಂಡು, ನನ್ ಮುಂದೇನೇ ಊಟಕ್ಕೆ ಹೊಂಟೋದ."

ಚಿಕ್ಕಹನುಮಕ್ಕ ಸೌಟನ್ನು ಸಾರಿನ ಪಾತ್ರೆಗೆ ಬಿಟ್ಟಳು. ಅಂಜನ್ ಊಟ ಬಿಟ್ಟು ಎದ್ದ. ವಿಡಿಯೋ ನೋಡಿದಾಗ ಬಂದ ಸಿಟ್ಟನ್ನು ಅವನು ಹಲ್ಲು ಕಚ್ಚಿ ಹಿಡಿದಿದ್ದ. ಇದನ್ನು ಹಿಡಿಯಲಾಗಲಿಲ್ಲ. ಕಂಬ ಹತ್ತಿ ಹತ್ತಿ ಮಂಡಿ ಸವೆಸಿಕೊಂಡ ಅರವತ್ತೆಂಟು ವರ್ಷದ ಮನುಷ್ಯ, ಮಗನ ಮಾನಕ್ಕಾಗಿ ಕೈಮುಗಿದುಕೊಂಡು ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದ ಚಿತ್ರ ಕಣ್ಣಿಂದ ಹೋಗಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಅವನು ಬಸ್ಸಿನಲ್ಲಿದ್ದ. ರಸ್ತೆಯ ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯುತ್ತಿತ್ತು. ಅತ್ತೆಯಿಂದ ವಿಷಯ ತಿಳಿದ ಯಶೋಧರಾ ಎರಡು ಸಲ ಫೋನ್ ಮಾಡಿದಳು. "ನೌಕರಿ ಹೋಗ್ತದೆ, ಯೋಚನೆ ಮಾಡಿ," ಎಂದಳು. "ಹೋಗಲಿ," ಎಂದು ಇಟ್ಟ.

ನಾಗಲಿಂಗಯ್ಯನ ಮನೆ ಬೆಟ್ಟದ ಬುಡದ ಬೀದಿಯಲ್ಲಿತ್ತು. ಬಾಗಿಲು ತೆಗೆದವಳು ಅವನ ಹೆಂಡತಿ ಶಿವರುದ್ರಮ್ಮ.

"ಅಂಜನ್ ಕುಮಾರ್ ಅಂತ. ಪುರವರದಿಂದ ಬಂದಿದೀನಿ."

ಅವಳು ಒಂದು ಕ್ಷಣ ಅವನ ಮುಖ ನೋಡಿ ಪಕ್ಕಕ್ಕೆ ಸರಿದಳು. ಹಾಲಿನಲ್ಲಿ ನಾಗಲಿಂಗಯ್ಯ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ತಿಂಡಿಗೆ ಕೂತಿದ್ದ. ಎದುರಿಗೆ ಸ್ಟೀಲ್ ಲೋಟಗಳಿದ್ದವು. ಅಂಜನ್‌ಗೆ ನೀರು ಬಂದದ್ದು ಪೇಪರ್ ಕಪ್ಪಿನಲ್ಲಿ. ಅವನು ಅದನ್ನು ಮುಟ್ಟಲಿಲ್ಲ.

"ಏನು, ಮೊನ್ನೆ ಅಪ್ಪ ಬಂದಿದ್ದ, ಇವತ್ತು ಮಗ ಬಂದ್ಯಾ?"

"ಅಪ್ಪ ಬಂದಿದ್ರು ಅನ್ನಿ. ನನಗೂ ಬಂದ್ರಾ ಅನ್ನಿ. ಆಮೇಲೆ ಮಾತಾಡೋಣ."

ನಾಗಲಿಂಗಯ್ಯ ಕೈಯಲ್ಲಿದ್ದ ದೋಸೆಯ ಚೂರನ್ನು ತಟ್ಟೆಗೆ ಹಾಕಿದ. "ನನ್ನ ಮನೇಲಿ ನಿಂತ್ಕೊಂಡು ನನಗೇ ಮಾತು ಕಲಿಸ್ತೀಯೇನಯ್ಯ?"

"ಬರ್ದೇ ಇದ್ರೆ ಕಲಿಸ್ತೀನಿ. ಕಲಿಸೋದೇ ನನ್ನ ಕೆಲಸ."

ಸದ್ದು ಕೇಳಿ ರೇಣುಕಪ್ರಸಾದ್ ಕೋಣೆಯಿಂದ ಬಂದ. ಎಡತೋಳನ್ನು ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಗೆ ಕಟ್ಟಿತ್ತು. ಅಂಜನ್‌ನನ್ನು ಕಂಡೊಡನೆ ಅವನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. "ಸರ್."

"ವಿಡಿಯೋ ನೋಡಿದ್ಯಾ ರೇಣುಕಾ?"

"ನೋಡಿದೆ ಸರ್."

"ನಿನ್ನ ಮಾತಾ ಅದು?"

"ಮೀಸಲಾತಿ ಮಾತು ನಂದಲ್ಲ ಸರ್. ನಾನು ಹಾಗೆ ಯಾವತ್ತೂ ಹೇಳಿಲ್ಲ."

"ಉಳಿದದ್ದು?"

 ಹುಡುಗನ ಮುಖ ಕೆಂಪಾಯಿತು. ನಾಲ್ಕು ತಿಂಗಳು ಒಳಗೇ ಕುದಿಸಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು.

"ನೀವು ನನ್ನನ್ನ ಕೇಳಲಿಲ್ಲ ಸರ್! ಮೂರು ಸಲ 'ಇಜೆಕ್ಟ್' ಅನ್ನಬೇಕು, ಮೂರನೇದಕ್ಕೆ ಎಳೀಬೇಕು ಅಂತ ನೀವೇ ಕಲಿಸಿದ್ರಿ. ನೀವು ಒಂದೇ ಸಲ ಹೇಳಿದ್ರಿ. ಇನ್ನೆರಡು ಸಲ ಹೇಳಿದ್ದಿದ್ರೆ ನನ್ನ ಕೈ ಒಳಗಿರ್ತಿತ್ತು. ಇವತ್ತು ನನ್ನ ಶರ್ಟಿನ ಗುಂಡಿ ಅಮ್ಮ ಹಾಕ್ತಾರೆ ಸರ್. ಚಿಕ್ಕ ಮಗುಗೆ ಹಾಕಿದ ಹಾಗೆ."

"ಕೇಳಿಸಿತಾ?" ಎಂದ ನಾಗಲಿಂಗಯ್ಯ. "ಇದಕ್ಕೆ ಉತ್ತರ ಕೊಡು, ನೋಡೋಣ."

"ಕೊಡ್ತೀನಿ. ಹೌದು, ಒಂದೇ ಸಲ ಹೇಳ್ದೆ," ಎಂದ ಅಂಜನ್. "ನಿಯಮ ಮುರಿದೆ. ವಿಚಾರಣೇಲೂ ಅದನ್ನೇ ಒಪ್ಪಿಕೊಂಡಿದೀನಿ. ಯಾಕೆ ಅಂತ ಕೇಳಿಸ್ಕೊಳ್ಳಿ. ಹೇಳಬಾರದ್ದನ್ನ ಹೇಳ್ತಿದೀನಿ, ಇದನ್ನೂ ಬೇಕಾದ್ರೆ ಆ ಗೌರೀಶನ ಹತ್ರ ಹೇಳ್ಕೊಳ್ಳಿ."

ಒಂಬತ್ತು ವರ್ಷದ ಹಿಂದೆ ಮುಂದಿನ ಸೀಟಿನಲ್ಲಿ ಅಂಜನ್ ಇದ್ದ. ಹಿಂದೆ ಅಂಬರೀಶ್ ಎಂಬ ಹಿರಿಯ ಅಧಿಕಾರಿ. ಮರಳುಗಾಡಿನ ಮೇಲೆ ವಿಮಾನದ ನಿಯಂತ್ರಣ ಕೆಟ್ಟು, ಅದು ಒಂದು ಪಕ್ಕಕ್ಕೆ ಹೊರಳತೊಡಗಿತು. ಆಗ ಸೀಟುಗಳನ್ನು ಬೇರೆ ಬೇರೆಯಾಗಿ ಹಾರುವಂತೆ ಹೊಂದಿಸಿತ್ತು. "ತಡಿ, ಇನ್ನೊಂದ್ಸಲ ನೋಡ್ತೀನಿ," ಎಂದ ಅಂಬರೀಶ್. ಅಂಜನ್ ಕಾದ. ಹಿರಿಯರ ಮಾತು ಮೀರಬಾರದೆಂದು ಕಾದ. ನಾಲ್ಕು ಸೆಕೆಂಡು ಕಳೆದ ಮೇಲೆ ಅಂಬರೀಶ್ ಹೇಳಿದ, "ಹೋಗು, ನಾನು ಬರ್ತೀನಿ." ಅಂಜನ್ ಎಳೆದ. ಅಂಬರೀಶ್ ಎಳೆದದ್ದು ಆಮೇಲೆ. ಅವನ ಪ್ಯಾರಾಚೂಟು ಅರ್ಧ ಬಿಚ್ಚುವಷ್ಟರಲ್ಲಿ ನೆಲ ಬಂದಿತ್ತು.

"ಅವರ ಹೆಂಡತಿ ನನ್ನನ್ನ ಒಂದೇ ಮಾತು ಕೇಳಿದ್ರು," ಎಂದ ಅಂಜನ್. "'ನಿಮ್ಮ ಜೊತೆ ಅವರೂ ಯಾಕೆ ಬರಲಿಲ್ಲ?' ಅಂತ. ಒಂಬತ್ತು ವರ್ಷ ಆಯ್ತು. ನನ್ನ ಹತ್ರ ಉತ್ತರ ಇಲ್ಲ. ಅವತ್ತೇ ತೀರ್ಮಾನ ಮಾಡಿದ್ದೆ, ಮುಂದಿನ ಸಲ ಯಾರನ್ನೂ ಕೇಳಲ್ಲ, ಯಾರಿಗೂ ಕಾಯಲ್ಲ ಅಂತ."

"ಅದು ಬೇರೆ, ಇದು ಬೇರೆ," ಎಂದ ನಾಗಲಿಂಗಯ್ಯ. "ನನ್ನ ಮಗ ಇಂಜಿನ್ ಸ್ಟಾರ್ಟ್ ಮಾಡ್ತಿದ್ದ."

"ನಿಂತ ಆ ಇಂಜಿನ್ ಮತ್ತೆ ಹೊತ್ತಿ ವಿಮಾನ ಎತ್ತೋಕೆ ಇಪ್ಪತ್ತು ಸೆಕೆಂಡ್ ಬೇಕು. ನಾನು ಎಳೆದಾಗಿಂದ ವಿಮಾನ ನೆಲಕ್ಕೆ ಬಡಿಯೋವರೆಗೆ ಇದ್ದಿದ್ದು ಎರಡೂವರೆ. ರೇಣುಕಾ, ನಿನ್ನ ಪ್ಯಾರಾಚೂಟು ಬಿಚ್ಚಿಕೊಂಡಾಗ ನೀನು ಒಂದು ತೆಂಗಿನಮರದಷ್ಟು ಮೇಲಿದ್ದೆ. ಇನ್ನೆರಡು ಸಲ ಆ ಪದ ಹೇಳಿದ್ರೆ ಇನ್ನೊಂದು ಸೆಕೆಂಡು ಹೋಗ್ತಿತ್ತು. ಕೈ ಉಳೀತಿತ್ತೋ ಏನೋ. ನೀನು ಉಳೀತಿರಲಿಲ್ಲ."

"ಹೆದರಿದೋರೆಲ್ಲ ಆಮೇಲೆ ಹಿಂಗೇ ಹೇಳೋದು."

"ಹೆದರಿದ್ದೆ ಕಣ್ರೀ!" ಅಂಜನ್‌ನ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಒಳಗೆ ಇಣುಕಿದರು. "ನಿಮ್ಮ ಮಗ ಸಾಯ್ತಾನೆ ಅಂತ ಹೆದರಿದ್ದೆ! ಸತ್ತಿದ್ರೆ ನೀವು ನನ್ನನ್ನ ಬಯ್ತಿರಲಿಲ್ಲ. ನಾನೂ ಜೊತೇಲೇ ಸತ್ತಿರ್ತಿದ್ದೆ. ಅದೇ ಗೌರೀಶ ನಮ್ಮಿಬ್ಬರ ಫೋಟೋನೂ ಪಕ್ಕಪಕ್ಕದಲ್ಲಿ ಹಾಕಿ ವೀರರು ಅಂತಿದ್ದ. ಸರ್ಕಲ್‌ಗೆ ಮಗನ ಹೆಸರಿಡಿ ಅಂತ ನೀವು ಅರ್ಜಿ ಹಿಡ್ಕೊಂಡು ಓಡಾಡ್ತಿದ್ರಿ. ಈಗ ಅವನು ಇಲ್ಲಿ ನಿಂತಿದಾನೆ, ನೋಡಿ. ಉಸಿರಾಡ್ತಿದಾನೆ. ನನ್ನನ್ನ ಬಯ್ತಿದಾನೆ. ಅದೇ ಅಲ್ವಾ ನಾನು ಮಾಡಿದ ಅಪರಾಧ?"

ನಾಗಲಿಂಗಯ್ಯ ಬಾಯಿ ತೆರೆದ. ಅಂಜನ್ ಬಿಡಲಿಲ್ಲ.

"ಇನ್ನು ಮೀಸಲಾತಿ. ನಾನು ಬರೆದ ಪರೀಕ್ಷೇಲಿ ಅದು ಇಲ್ಲ. ಪಕ್ಕದಲ್ಲಿ ನಿಮ್ಮ ಮಗ ಇದಾನೆ, ಅವನನ್ನೇ ಕೇಳಿ. ಇದ್ದಿದ್ರೂ ನಾನು ನಾಚಿಕೊಳ್ತಿರಲಿಲ್ಲ. ಮಗನ ಕೈ ಹೋದ ಸಂಕಟಕ್ಕೆ ಆ ಮಾತು ಬಂತು ಅಂತ ನೀವು ಹೇಳಬಹುದು. ಹಾಗಾದ್ರೆ ನಮ್ಮಪ್ಪನ್ನ ಬಿಸಿಲಲ್ಲಿ ಮುಕ್ಕಾಲು ಗಂಟೆ ಆಚೆ ನಿಲ್ಲಿಸೋಕೆ ಯಾವ ವಿಮಾನ ಬಿದ್ದಿತ್ತು?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶಿವರುದ್ರಮ್ಮ ಹಾಲಿಗೆ ಬಂದಳು. "ರೀ, ಅವರ ತಂದೇನ ಆಚೆ ನಿಲ್ಲಿಸಿದ್ರಾ?"

"ನೀನು ಒಳಗೆ ನಡಿ."

"ನಾನ್ಯಾಕೆ ಒಳಗೆ ಹೋಗ್ಲಿ? ಆಸ್ಪತ್ರೇಲಿ ಒಂಬತ್ತು ದಿನ ಇವನ ತಲೆ ಹತ್ರ ಕೂತಿದ್ದೋಳು ನಾನು. ನೀವು ವರಾಂಡದಲ್ಲಿ ಸಿಕ್ಕಸಿಕ್ಕೋರ ಹತ್ರ ಇವರನ್ನ ಬಯ್ಕೊಂಡು ತಿರುಗ್ತಿದ್ರಿ." ಅವಳು ಮಗನ ಕಡೆ ತಿರುಗಿದಳು. ದನಿ ಏರಿರಲಿಲ್ಲ, ಆದರೆ ಅದರಲ್ಲಿ ಕರುಣೆಯೂ ಇರಲಿಲ್ಲ. "ಹೇಳೋ. ಆಪರೇಷನ್ ಆದ ರಾತ್ರಿ ಮಂಪರಲ್ಲಿ ನನ್ನ ಕೈ ಹಿಡ್ಕೊಂಡು ಏನಂದೆ? ನೀನಾಗೇ ಹೇಳ್ತೀಯ ಅಂತ ನಾಲ್ಕು ತಿಂಗಳು ಕಾದೆ. ಹೇಳು, ಇಲ್ಲ ಅಂದ್ರೆ ನಾನೇ ಹೇಳ್ತೀನಿ."

ರೇಣುಕಪ್ರಸಾದ್ ಗೋಡೆಗೆ ಒರಗಿದ. 

"ಕೇಳಿಸಿತ್ತು ಸರ್. 'ಅದನ್ನ ಬಿಡು, ಕೈ ಒಳಗೆ ತಗೋ' ಅಂದಿದ್ದು ಕೇಳಿಸಿತ್ತು. ಇನ್ನೊಂದ್ಸಲ ಒತ್ತಿ ನೋಡೋಣ ಅಂತ ತೆಗೀಲಿಲ್ಲ."

"ಮತ್ತೆ ಕೇಳಿಸಲಿಲ್ಲ ಅಂತ ಯಾಕೆ ಬರ್ಕೊಟ್ಟೆ?"

"ಕೇಳಿಸ್ತು ಅಂದ್ರೆ, ಕೈ ಹೋಗಿದ್ದಕ್ಕೆ ನಾನೇ ಕಾರಣ ಆಗ್ತೀನಲ್ಲ ಸರ್. ಅದನ್ನ ಇಟ್ಕೊಂಡು ದಿನಾ ಹೆಂಗೆ ಏಳಲಿ?"

ಅಂಜನ್‌ಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈ ನಿಜವಾಗಿಯೂ ಮೇಲೆದ್ದಿತು. ಹುಡುಗ ತಪ್ಪಿಸಿಕೊಳ್ಳಲು ನೋಡಲಿಲ್ಲ, ಕಣ್ಣು ಮುಚ್ಚಿ ನಿಂತ. ಅಂಜನ್ ಎತ್ತಿದ ಕೈಯಿಂದ ಬಾಗಿಲ ಚೌಕಟ್ಟಿಗೆ ಗುದ್ದಿದ. ಬೆನ್ನಿನಲ್ಲಿ ನೋವು ಕತ್ತಿಯಂತೆ ಮೇಲೇರಿತು.

"ಅದಕ್ಕೆ ನನ್ನನ್ನ ಕಾರಣ ಮಾಡಿದ್ಯಾ? ನಮ್ಮಪ್ಪ ಬಂದು ಬೀದೀಲಿ ನಿಲ್ಲೋ ಹಾಗೆ ಮಾಡಿದ್ಯಾ?" ಎಂದ. "ನನ್ನ ಹತ್ರ ಹೇಳಿದ್ದು ಲೆಕ್ಕಕ್ಕಿಲ್ಲ. ಎಲ್ಲಿ ಬರ್ಕೊಟ್ಟೆಯೋ ಅಲ್ಲೇ ಮತ್ತೆ ಬರ್ಕೊಡು."

"ಬರ್ಕೊಡಲ್ಲ!" ನಾಗಲಿಂಗಯ್ಯ ಎದ್ದು ನಿಂತಿದ್ದ. "ಇವನ ಪಿಂಚಣಿ, ಪರಿಹಾರ ಎಲ್ಲ ಏನಾಗ್ಬೇಕು? ಮನೆಗೆ ನುಗ್ಗಿ ಅಂಗವಿಕಲನ್ನ ಹೆದರಿಸ್ತೀಯಾ? ನಡಿ ಆಚೆಗೆ!"

"ಹೋಗ್ತೀನಿ. ನಾನಾಗೇ ಬಂದಿದ್ದೆ, ನಾನಾಗೇ ಹೋಗ್ತೀನಿ," ಎಂದು ಅಂಜನ್ ಚಪ್ಪಲಿ ಹಾಕಿಕೊಂಡ. ಗೇಟಿನವರೆಗೆ ಬಂದವಳು ಶಿವರುದ್ರಮ್ಮ ಒಬ್ಬಳೇ. ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತಳು. ಅವಳನ್ನು ಸಮಾಧಾನ ಮಾಡುವ ಮನಸ್ಸು ಅಂಜನ್‌ಗೆ ಅವತ್ತು ಬರಲಿಲ್ಲ.

ಸಂಜೆಯ ಹೊತ್ತಿಗೆ ಗೌರೀಶನ ಎರಡನೆಯ ವಿಡಿಯೋ ಬಂತು. 'ಗಾಯಾಳು ಅಧಿಕಾರಿಯ ಮನೆಗೆ ನುಗ್ಗಿ ಬೆದರಿಕೆ!' ಅದು ಮೊದಲನೆಯದಕ್ಕಿಂತ ಹೆಚ್ಚು ಓಡಿತು. ಮೂರನೆಯ ದಿನ ನೆಲೆಯಿಂದ ಅಂಜನ್‌ಗೆ ಕಾರಣ ಕೇಳುವ ಪತ್ರ ಬಂತು. ಅವನು ಏನನ್ನೂ ಮುಚ್ಚಿಡದೆ, ಎತ್ತಿದ ಕೈಯನ್ನೂ ಸೇರಿಸಿ, ಉತ್ತರ ಬರೆದ.

ಆದರೆ ಅದೇ ವಾರ ಇನ್ನೊಂದು ಕಾಗದವೂ ನೆಲೆಗೆ ಹೋಗಿತ್ತು. ರೇಣುಕಪ್ರಸಾದ್ ತನ್ನ ಹೇಳಿಕೆ ತಿದ್ದಿ ಕಳಿಸಿದ್ದ. ತಾನೇ ಕೈಯಾರೆ ಬರೆದ ಎರಡು ಪುಟ. ಅದನ್ನು ಅಂಚೆಗೆ ಹಾಕಿ ಬಂದವಳು ಅವನ ಅಮ್ಮ.

ಐದು ವಾರಕ್ಕೆ ವಿಚಾರಣೆ ಮುಗಿಯಿತು. ಹಿಂದಿನ ಸೀಟಿನ ಅಧಿಕಾರಿಯ ನಿರ್ಧಾರದಿಂದಲೇ ಎರಡು ಜೀವ ಉಳಿದವು ಎಂದು ತೀರ್ಮಾನವಾಯಿತು. 'ಇಜೆಕ್ಟ್' ಎಂಬ ಪದವನ್ನು ಮೂರು ಸಲ ಹೇಳದಿದ್ದದ್ದನ್ನು ದಾಖಲಿಸಿ, ಅಷ್ಟು ಸಮಯವೇ ಇರಲಿಲ್ಲ ಎಂದು ಸೇರಿಸಿದ್ದರು. ಮೊದಲು ಸುಳ್ಳು ಹೇಳಿದ್ದಕ್ಕೆ ರೇಣುಕಪ್ರಸಾದನಿಗೆ ಲಿಖಿತ ಎಚ್ಚರಿಕೆ, ಆಜ್ಞೆ ಮೀರಿ ಮಾತಾಡಿದ್ದಕ್ಕೆ ಅಂಜನ್‌ಗೂ ಒಂದು. ಬೆನ್ನು ನೋಡಿದ ವೈದ್ಯರು ಒಂದು ವರ್ಷ ಅವನನ್ನು ನೆಲದ ಕೆಲಸಕ್ಕೆ ಹಾಕಿದರು.

ಹೇಳಬಹುದಾದಷ್ಟನ್ನು ಹೇಳಲು ಅನುಮತಿ ಸಿಕ್ಕ ದಿನ ಅಂಜನ್ ಗೌರೀಶನಿಗೆ ಫೋನ್ ಮಾಡಿದ. ಎಲ್ಲ ಕೇಳಿಸಿಕೊಂಡು ಗೌರೀಶ್ ಬಹಳ ಮರ್ಯಾದೆಯಿಂದ ಹೇಳಿದ, "ಸರ್, ತಪ್ಪು ತಿಳೀಬೇಡಿ. ಇದು ಓಡಲ್ಲ ಸರ್. ನೀವೇನಾದ್ರೂ ಅವರ ಮೇಲೆ ಕೇಸ್ ಹಾಕ್ತೀರಾ? ಹಾಗಿದ್ರೆ ಈಗ್ಲೇ ಬರ್ತೀನಿ."

ಅಂಜನ್ ಫೋನನ್ನು ಹಾಸಿಗೆಯ ಮೇಲೆ ಎಸೆದ.

ಆಮೇಲಿನ ಭಾನುವಾರ ಬೆಳಿಗ್ಗೆ ರೇಣುಕಪ್ರಸಾದ್ ಪುರವರಕ್ಕೆ ಬಂದ. ಒಬ್ಬನೇ, ಬಸ್ಸಿನಲ್ಲಿ. ಅಂಗಳದಲ್ಲಿ ಕೂತಿದ್ದ ಚಿಕ್ಕನರಸಯ್ಯನ ಕಾಲಿಗೆ ಬಗ್ಗಲು ಹೋದ. ಮುದುಕ ಕಾಲು ಹಿಂದಕ್ಕೆ ಎಳೆದುಕೊಂಡ.

"ಕಾಲ್ಗೀಲು ಬ್ಯಾಡ. ಏನಕ್ಕೆ ಬಂದೆ?"

"ಕ್ಷಮೆ ಕೇಳೋಕೆ. ನಮ್ಮಪ್ಪ ಹೇಳಿದ್ದಕ್ಕೂ, ನಾನು ಹೇಳದೇ ಇದ್ದಿದ್ದಕ್ಕೂ."

"ಇಲ್ಲಿ ಕೇಳಿದ್ರೆ ಯಾರ್ಗೆ ಗೊತ್ತಾಯ್ತದೆ? ಈ ಕೋಳಿಗಾ?" ಚಿಕ್ಕನರಸಯ್ಯ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡ. "ನನ್ ಮಗುನ್ ಮಾನ ಹೋಗಿದ್ದು ಬಸ್‌ಸ್ಟ್ಯಾಂಡಲ್ಲಿ. ನಡಿ ಅಲ್ಲಿಗೆ."

ಒಳಗಿನಿಂದ ಬಂದ ಅಂಜನ್ ಸೇರಿ ಮೂವರೂ ಹೋದರು. ಹೋಟೆಲಿನಲ್ಲಿ ಭಾನುವಾರದ ಜನ ತುಂಬಿತ್ತು. ರೇಣುಕಪ್ರಸಾದ್ ಟೇಬಲ್ಲುಗಳ ನಡುವೆ ನಿಂತು, ತಾನು ಯಾರು, ಆವತ್ತು ಏನಾಯಿತು, ಅಂಜನ್ ಏನು ಹೇಳಿದ್ದರು, ತಾನು ಯಾಕೆ ಕೈ ತೆಗೆಯಲಿಲ್ಲ, ಯಾಕೆ ಸುಳ್ಳು ಬರೆದ ಎಂಬುದನ್ನೆಲ್ಲ ಹೇಳಿದ.  ಕೆಲವರು ತಲೆ ತಗ್ಗಿಸಿದರು. ಒಬ್ಬ ಎದ್ದು ಬಂದು ಚಿಕ್ಕನರಸಯ್ಯನ ಕೈ ಹಿಡಿದ. ಮೂಲೆಯಲ್ಲಿದ್ದವನೊಬ್ಬ ಮಾತ್ರ ವಡೆ ಅಗಿಯುತ್ತಲೇ ಕೇಳಿದ, "ಅಂಗಾದ್ರೆ ವಿಮಾನ ಬೀಳ್ಸಿದ್ದು ನೀನಾ?" ಇಬ್ಬರು ನಕ್ಕರು.

"ಬೀಳಿಸಿದ್ದು ಹದ್ದು ಕಣ್ರೋ!" ಅಂಜನ್ ಅವನ ಟೇಬಲ್ಲಿಗೆ ಹೋಗಿ ಎರಡೂ ಕೈ ಊರಿದ. "ಅವತ್ತು ನಮ್ಮಪ್ಪನ ಪಕ್ಕ ಕೂತು ವಿಡಿಯೋ ಸದ್ದು ಜಾಸ್ತಿ ಮಾಡ್ದೋನು ನೀನೇ ಅಂತಲ್ಲ? ಈಗ ನಗು. ನನ್ನ ಮುಖ ನೋಡ್ಕೊಂಡು ನಗು."

ಅವನು ನಗಲಿಲ್ಲ. ವಡೆ ಅರ್ಧಕ್ಕೇ ಬಿಟ್ಟು ಹೊರಟುಹೋದ.

ಮನೆಗೆ ಬಂದಾಗ ಚಿಕ್ಕಹನುಮಕ್ಕ ಊಟಕ್ಕೆ ಇಟ್ಟಿದ್ದಳು. ರೇಣುಕಪ್ರಸಾದನಿಗೂ ತಟ್ಟೆ ಹಾಕಿದಳು. ಅವನು ಎರಡನೆಯ ಸಲ ಸಾರು ಹಾಕಿಸಿಕೊಂಡ.

"ನಿಮ್ಮಪ್ಪುಂಗೆ ಗೊತ್ತಾ, ನೀನಿಲ್ಲಿ ಬಂದಿರದು?"

"ಗೊತ್ತು ಅಮ್ಮ. ಹೊರಟಾಗ ಮಾತಾಡಲಿಲ್ಲ. ಒಂದು ವಾರದಿಂದ ಮಾತಾಡ್ತಿಲ್ಲ."

"ಆಡ್ದಿದ್ರೆ ಬುಡು," ಎಂದಳು ಚಿಕ್ಕಹನುಮಕ್ಕ. "ನನ್ ಗಂಡನ್ನ ಆಚೆ ನಿಲ್ಸುದ್ನಲ್ಲ, ಅವ್ನು ಬಂದು ಇದೇ ಜಾಗ್ದಲ್ಲಿ ಕೂತು ಊಟ ಮಾಡೋಗಂಟ ನಾನೂ ಬುಡಕಿಲ್ಲ. ನಿನ್ ಮೇಲೆ ಅಲ್ಲ ಕಣಪ್ಪ, ನೀನು ಉಣ್ಣು."

ಬಸ್ಸು ಹತ್ತಿಸಲು ಅಂಜನ್ ಜೊತೆಗೆ ಹೋದ. ಇಬ್ಬರೂ ಹುಣಿಸೆಮರದ ನೆರಳಿನಲ್ಲಿ ನಿಂತರು.

"ನಿನ್ನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ ರೇಣುಕಾ. ಹೋಗಿದೆ ಅಂತ ಸುಳ್ಳು ಹೇಳಲ್ಲ."

"ನನಗೂ ಹೋಗಿಲ್ಲ ಸರ್," ಎಂದ ಹುಡುಗ. "ನೀವು ಮಾಡಿದ್ದು ಸರಿ ಅಂತ ಗೊತ್ತು. ಆದ್ರೂ ಬೆಳಿಗ್ಗೆ ಎದ್ದು ಕೈ ನೋಡ್ಕೊಂಡಾಗ ಮೊದಲು ನೀವೇ ನೆನಪಾಗ್ತೀರ. ಆಮೇಲೆ ನಾನು."

"ಸರಿ," ಎಂದ ಅಂಜನ್. "ಹಾಗೇ ಬಯ್ಕೊ. ಆದ್ರೆ ಇನ್ಮೇಲೆ ನನಗೇ ಫೋನ್ ಮಾಡಿ ಬಯ್ಯಿ, ಊರಿಗೆಲ್ಲ ಹೇಳ್ಬೇಡ."

ಮಧುಗಿರಿಯ ಬಸ್ಸು ಬಂತು. ರೇಣುಕಪ್ರಸಾದ್ ಬಲಗೈಯಿಂದ ಕಂಬಿ ಹಿಡಿದು ತಾನೇ ಹತ್ತಿದ. ಒಳಗೆ ಸೀಟಿರಲಿಲ್ಲ. ಅಂಜನ್ ಬಾಗಿಲ ಹತ್ತಿರ ಹೋಗಿ ಕಂಡಕ್ಟರನಿಗೆ, "ಆ ಹುಡುಗನಿಗೆ ಕೂರೋಕೆ ಜಾಗ ಮಾಡಿಕೊಡ್ರೀ, ಒಂದು ಕೈಯಲ್ಲಿ ಎಷ್ಟು ಹೊತ್ತು ಹಿಡ್ಕೊಂಡಿರ್ತಾನೆ!" ಎಂದು ಜಗಳಕ್ಕೆ ನಿಂತವನಂತೆ ಕೂಗಿದ.